ಉತ್ತರವೀಯದ ಪರದೆ

ನಾಸಿಕದ ಸಾತಪುರ, ಅಂಬಡಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣೆಗಳಲ್ಲಾಗಲಿ ಗುಮಾಸ್ತಗಿರಿಯನ್ನು ಬಯಸುವ ನಮ್ಮ ತರುಣರಿಗೆ ಇಂದು ಟೈಪಿಂಗ್ ಒಂದೇ ಸಾಲದು. ಲೆಕ್ಕದ ಹಾಳೆಗಳನ್ನು ಕ್ಷಣದಲ್ಲಿ ಹೊಂದಿಸಬಲ್ಲ 'ಪೈಥಾನ್' ಭಾಷೆಯ ಅಲ್ಪ ಪರಿಚಯವಿದ್ದವನಿಗೆ ಕೆಲಸ ಹಗುರ. ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ ಗಲ್ಲೆಯ ಹಿಂದೆ ಕುಳಿತು ಇದನ್ನು ಕಲಿಯುವವರ ಶ್ರಮವನ್ನು ನಾವು ಬಲ್ಲೆವು. ಹಿಂದಿನ ತಲೆಮಾರಿನವರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದುದೂ ಹೀಗೆಯೇ ಅಷ್ಟೆ.

ಅಂತಹವರನ್ನು ಮೊದಲ ರಾತ್ರಿಯೇ ಎದೆಗುಂದಿಸುವ ತೊಡಕೊಂದುಂಟು. ತಂತ್ರಾಂಶವನ್ನು ಸ್ಥಾಪಿಸಿದ್ದಾಯಿತು, ಕೆಲಸ ಯಶಸ್ವಿಯಾಯಿತೆಂಬ ಸಂದೇಶವೂ ಬಂದಿತು. ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಆಜ್ಞೆಯನ್ನು ಟೈಪಿಸಿ ಎಂಟರ್ ಒತ್ತಿದರೆ ಉತ್ತರವಿಲ್ಲ. ತಪ್ಪಾಯಿತೆಂಬ ಮಾತೂ ಇಲ್ಲ. ಕರ್ಸರು ಮಾತ್ರ ಮುಂದಿನ ಸಾಲಿಗಿಳಿದು ಮಿನುಗುತ್ತಿರುತ್ತದೆ. ಅಳಿಸಿ, ಮತ್ತೆ ಸ್ಥಾಪಿಸಿ, ನಿದ್ದೆಗೆಟ್ಟು, ಕಡೆಗೆ 'ಇದು ನನ್ನಂಥವನ ವಿದ್ಯೆಯಲ್ಲ' ಎಂದು ಕೈಬಿಡುವುದುಂಟು. ತಪ್ಪು ಅವರದಲ್ಲ.

ನಮ್ಮ ಹೋಟೆಲಿನ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಒಳಗೆ ಇಬ್ಬರು ಭಟ್ಟರು. 'ಭಟ್ರೇ, ಎರಡು ಮಸಾಲೆ!' ಎಂದು ಮಾಣಿ ಕೂಗಿದಾಗ ಬಾಗಿಲ ಬಳಿಯ ಭಟ್ಟರು ಕೇಳಿಸಿಕೊಂಡು ಸುಮ್ಮನಾದರೆ, ಕಾವಲಿಯ ಮುಂದಿರುವ ಭಟ್ಟರಿಗೆ ಸುದ್ದಿಯೇ ತಲುಪದು. ಗಣಕಯಂತ್ರವೂ 'ಪಾಥ್' ಎಂಬ ಪಟ್ಟಿಯಲ್ಲಿರುವ ಸ್ಥಳಗಳನ್ನು ಕ್ರಮವಾಗಿ ಹುಡುಕಿ, ಆ ಹೆಸರಿನವನು ಮೊದಲು ಎಲ್ಲಿ ಸಿಕ್ಕಿದನೋ ಅವನಿಗೇ ಕೆಲಸವನ್ನೊಪ್ಪಿಸುತ್ತದೆ. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣದಿಂದೀಚೆಗೆ ಪೈಥಾನ್ ಎಂಬ ಹೆಸರಿನ ಬಾಗಿಲ ಭಟ್ಟರೊಬ್ಬರು ಅಲ್ಲಿ ಮೊದಲೇ ನಿಂತಿದ್ದಾರೆ. ಅದು ಸೊನ್ನೆ ಬೈಟಿನ ಕಡತ. ಬರಿಯ ಹೆಸರನ್ನು ಟೈಪಿಸಿದರೆ ಮೈಕ್ರೋಸಾಫ್ಟ್ ಸ್ಟೋರಿನ ಪುಟವನ್ನು ತೆರೆದು ಹೊಸಬರಿಗೆ ನೆರವಾಗಲೆಂದೇ ಅದನ್ನು ಇರಿಸಲಾಯಿತು. ಹೆಸರಿನ ಮುಂದೆ ಬೇರೇನನ್ನಾದರೂ ಸೇರಿಸಿದರೆ ಮೊದಮೊದಲು ಅದು ಮೌನವಾಗಿ ಹಿಂತಿರುಗುತ್ತಿತ್ತು. ಪೈಥಾನ್ ಸಿಗಲಿಲ್ಲವೆಂದು ತಿಳಿಸುವ ಸೌಜನ್ಯ ಅದಕ್ಕೆ ಬಂದುದು ತರುವಾಯ.

ಪರಿಹಾರ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಭಾಗಕ್ಕೆ ಹೋಗಿ 'ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸಸ್' ಎಂಬಲ್ಲಿ ಪೈಥಾನ್ ಹೆಸರಿನ ಗುಂಡಿಗಳನ್ನು ಆರಿಸಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ಸ್ಥಾಪಕದ ಮೊದಲ ಪುಟದ ಅಡಿಯಲ್ಲಿ, ಪಾಥ್ ಪಟ್ಟಿಗೆ ಸೇರಿಸಲೇ ಎಂದು ಕೇಳುವ ಚಿಕ್ಕ ಚೌಕವಿದೆ. ಅದು ತಾನಾಗಿ ಗುರುತಾಗಿರುವುದಿಲ್ಲ; ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಸ್ಥಾಪನೆಯೇ ಸರಿಯಿಲ್ಲವೆಂಬ ಸಂದೇಹ ಬಂದವರು 'ಪಿ', 'ವೈ' ಎಂಬ ಎರಡೇ ಇಂಗ್ಲಿಷ್ ಅಕ್ಷರಗಳನ್ನು ಟೈಪಿಸಿ ನೋಡಲಿ. ಅದಕ್ಕೆ ಉತ್ತರ ಬಂದರೆ ಒಳಗಿನ ಭಟ್ಟರು ಕ್ಷೇಮವಾಗಿದ್ದಾರೆ. ಮತ್ತೆ ಅಳಿಸುವ ಅಗತ್ಯವಿಲ್ಲ.

ಯಾವ ಕಡತ ಓಗೊಡುತ್ತಿದೆಯೆಂದು ತಿಳಿಯಲು 'ವೇರ್' ಎಂಬ ಆಜ್ಞೆಯುಂಟು. ಆದರೆ ಪವರ್‌ಶೆಲ್ಲಿನಲ್ಲಿ ಆ ಹೆಸರು ಬೇರೊಂದು ಕೆಲಸಕ್ಕೆ ಮೀಸಲಾದುದರಿಂದ ಅಲ್ಲಿಯೂ ಉತ್ತರ ಬಾರದು! ಮೌನದ ಕಾರಣವನ್ನು ಕೇಳಹೋದವನಿಗೆ ಮತ್ತೊಂದು ಮೌನ. ಅಲ್ಲಿ ಆ ಹೆಸರಿನ ಕೊನೆಗೆ ಚುಕ್ಕೆಯಿಟ್ಟು 'ಎಕ್ಸಿ' ಎಂಬ ಮೂರಕ್ಷರದ ಬಾಲವನ್ನು ಸೇರಿಸಬೇಕು.

ಮೌನವೆಲ್ಲ ಕೇಡಿನ ಲಕ್ಷಣವೆಂದೂ ಬಗೆಯಬಾರದು. ಯುನಿಕ್ಸ್ ಮತ್ತು ಲಿನಕ್ಸ್ ಪದ್ಧತಿಗಳಲ್ಲಿ ಕಡತವನ್ನು ನಕಲಿಸುವ ಆಜ್ಞೆ ಕೆಲಸ ಕೈಗೂಡಿದರೆ ಏನನ್ನೂ ನುಡಿಯುವುದಿಲ್ಲ. ಕೆಟ್ಟರೆ ಮಾತ್ರ ದೂರು.

ಇನ್ನೊಂದು ಮಾತು. ಇಷ್ಟೆಲ್ಲ ಮಾಡಿದ ಬಳಿಕ ಅದೇ ಪರದೆಯಲ್ಲಿ ಪರೀಕ್ಷಿಸಬಾರದು. ಟರ್ಮಿನಲ್ಲು ಪಾಥ್ ಪಟ್ಟಿಯನ್ನು ಓದಿಕೊಳ್ಳುವುದು ತೆರೆಯುವಾಗ ಒಮ್ಮೆ ಮಾತ್ರ. ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯಬೇಕು.