ತಂಬಾಕಿನ ಎಲೆಗೆ ಹುಳು ಬಾಯಿ ಹಾಕಿದಾಗ

ನಿಪ್ಪಾಣಿ ಸೀಮೆಯ ಬೀಡಿ ತಂಬಾಕಿನ ಹೊಲಕ್ಕೆ ಎಲೆ ತಿನ್ನುವ ಹುಳು ಬಿದ್ದರೆ ನಮಗೆ ಕಾಣುವುದು ತೂತು ಮಾತ್ರ. ಗಿಡಕ್ಕೆ ನರಗಳಿಲ್ಲ. ಆದರೂ ಕಚ್ಚಿದ ಎಲೆಯ ಸುದ್ದಿ ಕೆಲವೇ ಗಂಟೆಗಳಲ್ಲಿ ಉಳಿದ ಎಲೆಗಳಿಗೂ ಮುಟ್ಟಿರುತ್ತದೆ.

ಇದರ ಜಾಡು ಮೊದಲು ಸಿಕ್ಕಿದ್ದು ಟೊಮೆಟೊದಲ್ಲಿ. ಒಂದೆಲೆಗೆ ಗಾಯವಾದರೆ ಇಡೀ ಗಿಡದಲ್ಲಿ ಹುಳುವಿನ ಜೀರ್ಣರಸವನ್ನು ತಡೆಯುವ ಪ್ರೋಟೀನು ಹೆಚ್ಚುತ್ತದೆಂದು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್ 1972ರಲ್ಲೇ ತೋರಿಸಿದ್ದರು. ತಿಂದದ್ದು ಅರಗದೆ ಹುಳು ಸೊರಗುತ್ತದೆ. ಈ ಪ್ರೋಟೀನಿಗೆ ಆದೇಶ ಕೊಡುವ ವಸ್ತುವನ್ನು ಗ್ರೆಗರಿ ಪಿಯರ್ಸ್ ಮತ್ತು ರಯಾನ್ ಅವರ ತಂಡ ಬೇರ್ಪಡಿಸಿದ್ದು 1991ರಲ್ಲಿ. ಅದು 18 ಅಮೈನೊ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಒಂದು ಪೆಪ್ಟೈಡ್, ಹೆಸರು ಸಿಸ್ಟಮಿನ್. ಇನ್ಸುಲಿನ್ ಥರದ ಪೆಪ್ಟೈಡ್ ಹಾರ್ಮೋನು ಗಿಡದಲ್ಲೂ ಇದೆಯೆಂದು ಆಗ ಮೊದಲ ಬಾರಿಗೆ ತಿಳಿಯಿತು.

ತಂಬಾಕು ಟೊಮೆಟೊದ ಬಳಗದ್ದೇ. ಬದನೆ, ಮೆಣಸಿನಕಾಯಿಯೂ ಅದೇ ಮನೆತನ. ಆದರೆ ಟೊಮೆಟೊದ ಸಿಸ್ಟಮಿನ್‌ಗೆ ತಂಬಾಕು ಓಗೊಡುವುದಿಲ್ಲ. ಅದಕ್ಕೆ ತನ್ನವೇ ಎರಡು ಪೆಪ್ಟೈಡುಗಳಿವೆ. ರಯಾನ್ ತಂಡಕ್ಕೇ ಅವು 2001ರಲ್ಲಿ ಸಿಕ್ಕವು. ತಲಾ 18 ಅಮೈನೊ ಆಮ್ಲ, ಮೈಗೆ ಅಂಟಿಕೊಂಡ ಸಕ್ಕರೆ. ಎರಡೂ 165 ಅಮೈನೊ ಆಮ್ಲಗಳ ಒಂದೇ ಪ್ರೋಟೀನಿನ ತುಂಡುಗಳು. ಒಂದೇ ಮೂಲದಿಂದ ಎರಡು ಹಾರ್ಮೋನು ಪಡೆಯುವ ಈ ಜಾಣ್ಮೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಹಾಗಾದರೆ ಪೆಪ್ಟೈಡೇ ಎಲೆಯಿಂದ ಎಲೆಗೆ ಓಡಾಡುತ್ತದೆಯೇ? 2002ರ ಟೊಮೆಟೊ ಕಸಿ ಪ್ರಯೋಗಗಳು ಬೇರೆಯದನ್ನೇ ಹೇಳಿದವು. ಪೆಪ್ಟೈಡ್ ಗಾಯದ ಹತ್ತಿರ ಜಾಸ್ಮೋನಿಕ್ ಆಮ್ಲವೆಂಬ ವಸ್ತುವಿನ ತಯಾರಿಯನ್ನು ಹೆಚ್ಚಿಸುತ್ತದೆ. ದೂರದ ಎಲೆಗಳಿಗೆ ಸುದ್ದಿ ಒಯ್ಯುವುದು ಆ ಆಮ್ಲದ ವರ್ಗದ ವಸ್ತುಗಳು.

ತಂಬಾಕಿನ ಇನ್ನೊಂದು ಅಸ್ತ್ರ ನಿಕೋಟಿನ್. ನಾವು ಎಲೆಯಲ್ಲಿ ಹುಡುಕುವ ಈ ವಿಷ ತಯಾರಾಗುವುದು ಬೇರಿನಲ್ಲಿ. ಅಲ್ಲಿಂದ ನೀರಿನೊಂದಿಗೆ ಮೇಲೇರುತ್ತದೆ. ಎಲೆಗೆ ಗಾಯವಾದರೆ, ಜಾಸ್ಮೋನಿಕ್ ಆಮ್ಲದ ಸೂಚನೆಯಿಂದ ಬೇರು ಅದನ್ನು ಹೆಚ್ಚು ತಯಾರಿಸುತ್ತದೆ. ರೈತರು ತುದಿಕುಡಿ ಚಿವುಟಿದ ಮೇಲೆ ಎಲೆಯಲ್ಲಿ ನಿಕೋಟಿನ್ ಏರುವುದಕ್ಕೆ ಈ ಗಾಯದ ಸುದ್ದಿಯೂ ಒಂದು ಕಾರಣ. ಆದರೆ ಅಮೆರಿಕದ ಕಾಡುತಂಬಾಕಿನಲ್ಲಿ ಸಿಸ್ಟಮಿನ್ ಥರದ ಪೆಪ್ಟೈಡಿನ ಜೀನನ್ನು ಅಡಗಿಸಿದರೂ ಹುಳುವಿನ ವಿರುದ್ಧದ ರಕ್ಷಣೆ ಕುಗ್ಗಲಿಲ್ಲವೆಂದು 2007ರಲ್ಲಿ ತಿಳಿಯಿತು. ಟೊಮೆಟೊದ ಕಥೆಯನ್ನೇ ನಿಪ್ಪಾಣಿಯ ಹೊಲಕ್ಕೆ ಹೊಂದಿಸಿಬಿಡುವುದು ಅವಸರವಾದೀತು. ಬೀಡಿ ತಂಬಾಕಿನ ತಳಿಗಳನ್ನೇ, ಅವು ಬೆಳೆಯುವ ನೆಲದಲ್ಲಿಯೇ, ಹುಳು ಬಿಟ್ಟು ನೋಡಬೇಕು.