ಕಂಡುದನ್ನು ಬರೆಯುವ ಬಗೆ

ಪ್ರತಿವರ್ಷ ಈ ಸಂಚಿಕೆಗಾಗಿ ವಿದ್ಯಾರ್ಥಿಗಳಿಂದ ಲೇಖನಗಳನ್ನು ತರಿಸಿಕೊಳ್ಳುವಾಗ ‘ಪ್ರಕೃತಿ ಸೌಂದರ್ಯ’ ಎಂಬ ತಲೆಬರಹದ ಹಾಳೆಗಳು ನಾಲ್ಕಾರಾದರೂ ನಮ್ಮ ಮೇಜಿಗೆ ಬರುತ್ತವೆ. ಅವುಗಳಲ್ಲಿ ಕೋಗಿಲೆ ಹಾಡುತ್ತದೆ, ನವಿಲು ಕುಣಿಯುತ್ತದೆ, ತೊರೆ ಜುಳುಜುಳು ಹರಿಯುತ್ತದೆ. ಬರೆದವನು ಕಾಸರಗೋಡಿನವನೋ ಕಾಶಿಯವನೋ ತಿಳಿಯದು. ಈ ಸಲ ಅಂಥದೊಂದು ಲೇಖನವನ್ನು ತಂದ ಎಂಟನೆಯ ತರಗತಿಯ ಹುಡುಗನ ಮೊಣಕೈಯಲ್ಲಿ ಕೆಂಪು ಗುಳ್ಳೆಗಳನ್ನು ಕಂಡು ವಿಚಾರಿಸಿದೆವು. ಗೇರುಮರ ಹತ್ತಿ ಚಗಳಿ ಇರುವೆಗಳಿಂದ ಕಚ್ಚಿಸಿಕೊಂಡಿದ್ದನು. ಆ ಇರುವೆಗಳ ವಿಷಯವಾಗಿ ಹತ್ತು ನಿಮಿಷ ಎಡೆಬಿಡದೆ ಮಾತಾಡಿದನು. ಹಾಳೆಯಲ್ಲಿ ಮಾತ್ರ ಅವುಗಳ ಸುಳಿವೇ ಇರಲಿಲ್ಲ. “ಅದನ್ನೆಲ್ಲ ಬರೀಬಹುದಾ ಮಾಷ್ಟ್ರೇ?” ಎಂದನು.

ಬರೆಯಬೇಕಾದುದು ಅದನ್ನೇ. ‘ಇರುವೆಗಳು ಪರಸ್ಪರ ಸಹಕಾರದಿಂದ ಪರ್ಣಕುಟೀರವನ್ನು ನಿರ್ಮಿಸುತ್ತವೆ’ ಎಂದರೆ ಓದುವವನ ಕಣ್ಣಿಗೆ ಏನೂ ಕಾಣದು. ಎರಡು ಎಲೆಗಳ ಅಂಚು ದೂರವಿದ್ದರೆ ಒಂದಿರುವೆಯ ಸೊಂಟವನ್ನು ಇನ್ನೊಂದು ಬಾಯಿಂದ ಹಿಡಿಯುತ್ತದೆ, ಅದರ ಸೊಂಟವನ್ನು ಮತ್ತೊಂದು. ಹೀಗೆ ಸರಪಳಿಯಾಗಿ ಎಲೆಯನ್ನು ಜಗ್ಗಿ ಹತ್ತಿರಕ್ಕೆ ತರುತ್ತವೆ. ಇನ್ನು ಹೊಲಿಗೆ. ಬೆಳೆದ ಇರುವೆಗಳಲ್ಲಿ ನೂಲಿಲ್ಲ, ಅದಿರುವುದು ಮರಿಹುಳುಗಳಲ್ಲಿ. ಕೆಲಸದ ಇರುವೆ ಮರಿಹುಳುವೊಂದನ್ನು ಬಾಯಲ್ಲಿ ಕಚ್ಚಿ ತಂದು, ಅದರ ತಲೆಯನ್ನು ಒಮ್ಮೆ ಈ ಎಲೆಗೆ, ಒಮ್ಮೆ ಆ ಎಲೆಗೆ ತಾಗಿಸುತ್ತದೆ. ನಡುವೆ ಬಿಳಿಯ ನೂಲು ಬೀಳುತ್ತದೆ. ಇಷ್ಟಕ್ಕೆ ಉಪಮೆ ಏಕೆ? ಮಗ್ಗದ ಲಾಳಿಯಂತೆ ಎನ್ನಬಹುದು, ಆದರೆ ಲಾಳಿಯನ್ನು ನೋಡಿದ ಮಕ್ಕಳೆಷ್ಟು!

ಶಾಸ್ತ್ರದ ಶಬ್ದಗಳು ಬೇಡವೆಂದಲ್ಲ. ಅವು ಬರುವ ಸರದಿಯನ್ನು ನೋಡಬೇಕು. ಚಗಳಿಗೆ ಕೊಂಡಿಯಿಲ್ಲ, ಅದು ಕಚ್ಚಿ, ಗಾಯಕ್ಕೆ ಹುಳಿಯೊಂದನ್ನು ಚಿಮ್ಮುತ್ತದೆ. ಅದಕ್ಕೇ ಮಲೆಯಾಳದಲ್ಲಿ ಅದರ ಹೆಸರು ‘ಪುಳಿಯುರುಂಬು’, ಎಂದರೆ ಹುಳಿಯಿರುವೆ. ಇರುವೆಗಳನ್ನು ಭಟ್ಟಿಯಿಳಿಸಿ ಈ ಹುಳಿಯನ್ನು ಪಡೆದ ಸಂಗತಿಯನ್ನು ಇಂಗ್ಲೆಂಡಿನ ಜಾನ್ ರೇ 1671ರಲ್ಲಿ ಪ್ರಕಟಿಸಿದನು. ಲ್ಯಾಟಿನ್ನಿನಲ್ಲಿ ಇರುವೆಗೆ ‘ಫಾರ್ಮಿಕ’; ಆದುದರಿಂದ ಅದು ಫಾರ್ಮಿಕ್ ಆಮ್ಲ. ಉರಿ ಮೊದಲು, ಹೆಸರು ಆಮೇಲೆ ಬಂದರೆ ಮಗು ಅದನ್ನು ಉರುಹೊಡೆಯಬೇಕಾಗಿಲ್ಲ.

ಬರೆಯುವ ಪ್ರಾಣಿಯನ್ನು ಬರಿದೇ ಹೊಗಳುವುದೂ ಸಲ್ಲದು. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ಚಗಳಿಗಳು ಬೇಟೆಯಾಡುತ್ತವೆ, ಕೃಷಿಕನಿಗೆ ಉಪಕಾರ. ಆದರೆ ಸಿಹಿರಸದ ಆಸೆಗೆ ಹಿಟ್ಟುತಿಗಣೆಗಳನ್ನು ಕಾಯುವವೂ ಅವೇ. ಎರಡನ್ನೂ ಬರೆಯಬೇಕು.

ಇದನ್ನು ಬಲ್ಲವರು ನಮ್ಮಲ್ಲಿದ್ದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ನಗುನಗುತ್ತ ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಮೇಲಿನ ತರಗತಿಯವರು ಓದಲೇಬೇಕು.

ತಂದೆತಾಯಂದಿರಲ್ಲಿ ಒಂದು ವಿಜ್ಞಾಪನೆ. ಗುಡ್ಡದ ಗಿಡಕ್ಕೆ, ಅಂಗಳದ ಹಕ್ಕಿಗೆ ನಿಮ್ಮ ಮನೆಯ ಹಿರಿಯರು ಹೇಳುವ ಹೆಸರನ್ನು ಮಗು ಬರೆದಾಗ, ಇದು ಹಳ್ಳಿಯ ಮಾತೆಂದು ಹೊಡೆದುಹಾಕಬೇಡಿರಿ. ಗಡಿಯಾಚೆಯಲ್ಲಿರುವ ನಮ್ಮ ಕನ್ನಡದ ಇಂಥ ಹೆಸರುಗಳಲ್ಲಿ ಹಲವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಆಡುವವರು ಹೋದರೆ ಅವೂ ಹೋದಂತೆಯೇ.

ಆ ಹುಡುಗನು ಲೇಖನವನ್ನು ಬೇರೆಯಾಗಿ ಬರೆದು ತಂದಿದ್ದಾನೆ. ಇರುವೆಗಳ ನಡುವೆ ಒಂದೆಡೆ ನವಿಲು ಉಳಿದುಕೊಂಡಿದೆ. ಕೇಳಿದರೆ, ಅದು ಅವರ ಗದ್ದೆಗೇ ಬಂದು ಪೈರು ತಿಂದ ನವಿಲಂತೆ. ಇರಲೆಂದು ಬಿಟ್ಟಿದ್ದೇವೆ.