ಬಾವಲಿಗೆ ಸಿಗದ ಚಿಟ್ಟೆಗಳು

ಮಾಗಡಿ ಕಡೆಯ ಮೈಸೂರು ತಳಿಯ ಬಿತ್ತನೆ ಗೂಡು ಬಿತ್ತನೆ ಕೋಠಿ ಸೇರಿದ ಮೇಲೆ ಏನಾಗುತ್ತದೆಂದು ರೇಷ್ಮೆ ಬೆಳೆಗಾರರು ಬಲ್ಲರು. ಬೆಳಗಿನ ಹೊತ್ತಿಗೆ ಗೂಡಿನ ತುದಿ ಒದ್ದೆಯಾಗಿ, ಎಳೆಗಳನ್ನು ಒತ್ತರಿಸಿಕೊಂಡು ಬಿಳಿ ಚಿಟ್ಟೆ ಹೊರಬರುತ್ತದೆ. ಗಂಡು ಪಟಪಟ ರೆಕ್ಕೆ ಬಡಿಯುತ್ತ ಹೆಣ್ಣನ್ನು ಸುತ್ತುತ್ತದೆ, ಆದರೆ ಮೇಲಕ್ಕೇಳುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ತಟ್ಟೆಗಳಲ್ಲೇ ಬೆಳೆದು ಹಾರುವುದನ್ನೇ ಮರೆತ ಜೀವ ಅದು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಪೆಬ್ರೈನ್ ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಾವಲಿಯ ಭಯ ಮಾತ್ರ ಕೋಠಿಯ ಈ ಚಿಟ್ಟೆಗಿಲ್ಲ.

ಕೋಠಿಯ ಗೋಡೆಯಾಚೆಯ ಚಿಟ್ಟೆಗಳ ಪಾಡು ಬೇರೆ. ಕೀಟ ಹಿಡಿಯುವ ಬಾವಲಿಗಳು ಕತ್ತಲಲ್ಲಿ ಕೂಗುತ್ತ, ಬೇಟೆಗೆ ಬಡಿದು ಮರಳುವ ಪ್ರತಿಧ್ವನಿಯ ಜಾಡು ಹಿಡಿದು ಬರುತ್ತವೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಆ ಕೂಗು ಬಹುಪಾಲು ಅದರಾಚೆಯದು. 1938ರಲ್ಲಿ ಹಾರ್ವರ್ಡ್‌ನ ಗ್ರಿಫಿನ್ ಮತ್ತು ಪಿಯರ್ಸ್ ಉಪಕರಣವಿಟ್ಟು ಹಿಡಿಯುವವರೆಗೆ ಮನುಷ್ಯರು ಅದನ್ನು ದಾಖಲಿಸಿರಲಿಲ್ಲ.

ಪತಂಗಗಳಿಗೆ ಮಾತ್ರ ಎಂದೋ ಗೊತ್ತಿತ್ತು. ರಾಮನಗರದ ಹೊಲಗಳಲ್ಲಿ ಅವರೆಗೆ ಬೀಳುವ ಕಾಯಿಕೊರಕವನ್ನೇ ನೋಡಿ. ಅದು ಬೆಳೆದು ಪತಂಗವಾದಾಗ ಎದೆಯ ಹಿಂಬದಿಯಲ್ಲಿ, ಎರಡೂ ಪಕ್ಕಕ್ಕೆ ಒಂದೊಂದು ತೆಳುಪೊರೆಯ ಕಿವಿ ಇರುತ್ತದೆ. ಈ ಕುಟುಂಬದ ಪತಂಗಗಳ ಒಂದೊಂದು ಕಿವಿಗೆ ಬಾವಲಿಯ ಕೂಗು ಹಿಡಿಯುವ ಕೋಶ ಎರಡೇ ಎರಡು. ಅಷ್ಟು ಸಾಕು. ಅಮೆರಿಕದ ಕೆನೆತ್ ರೋಡರ್ ತೋರಿಸಿದಂತೆ, ಪತಂಗಕ್ಕೆ ಬಾವಲಿಯ ಕೂಗು ಸುಮಾರು 30 ಮೀಟರ್ ದೂರದಿಂದಲೇ ಕೇಳುತ್ತದೆ. ಬಾವಲಿಗೆ ಪತಂಗ ಗೊತ್ತಾಗುವುದು ಕೆಲವೇ ಮೀಟರ್ ಹತ್ತಿರಕ್ಕೆ ಬಂದ ಮೇಲೆ. ಕೂಗು ಮೆಲ್ಲಗಿದ್ದರೆ ಪತಂಗ ದಿಕ್ಕು ಬದಲಿಸುತ್ತದೆ, ಜೋರಾದರೆ ಸುರುಳಿ ಸುತ್ತುತ್ತ ಧೊಪ್ಪನೆ ನೆಲಕ್ಕೆ ಬೀಳುತ್ತದೆ.

ಹಿಪ್ಪುನೇರಳೆ ಸೊಪ್ಪಿಗೆ ಮುತ್ತುವ ಕಂಬಳಿಹುಳುವಿನ ಬಳಗದಲ್ಲಿ ಇನ್ನೊಂದು ಪಟ್ಟು ಕಾಣುತ್ತದೆ: ತಿರುಗಿ ಸದ್ದು ಮಾಡುವುದು. ಈ ಬಳಗದ ಹಲವು ಪತಂಗಗಳು ಎದೆಯ ಚಿಪ್ಪನ್ನು ಮಡಚಿ ಬಿಚ್ಚಿ ಚಿಟಿಚಿಟಿ ಎನ್ನುತ್ತವೆ. ‘ನಾನು ಕಹಿ, ಮುಟ್ಟಬೇಡ’ ಎಂಬ ಎಚ್ಚರಿಕೆ ಅದು. ಅರಿಜೋನಾದ ಒಂದು ಜಾತಿಯಂತೂ ಸೆಕೆಂಡಿಗೆ ಸಾವಿರಾರು ಸದ್ದು ಹೊರಡಿಸಿ ಬಾವಲಿಯ ಲೆಕ್ಕವನ್ನೇ ಕೆಡಿಸುತ್ತದೆ ಎಂದು 2009ರಲ್ಲಿ ಸಾಬೀತಾಯಿತು.

ನನಗೆ ಇವೆಲ್ಲಕ್ಕಿಂತ ಸೋಜಿಗವೆನಿಸುವುದು ಕಿವುಡರ ಕಥೆ. ನಮ್ಮ ರೇಷ್ಮೆ ಚಿಟ್ಟೆಗೂ ಅದರ ಕಾಡು ದಾಯಾದಿಗಳಾದ ಟಸ್ಸಾರ್, ಚಂದ್ರ ಪತಂಗಗಳಿಗೂ ಕಿವಿಯೇ ಇಲ್ಲ. ಕಾಡಿನವು ದಪ್ಪ ಮೈಯವು, ಬಾವಲಿಗೆ ಹಬ್ಬದೂಟ. ಅವುಗಳ ರಕ್ಷಣೆ ಇರುವುದು ಮೈಮೇಲಿನ ತುಪ್ಪಟದಲ್ಲಿ. ಟಸ್ಸಾರ್ ಕುಟುಂಬದ ಎರಡು ಪತಂಗಗಳನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿದಾಗ, ಎದೆಯ ತುಪ್ಪಟ ಬಂದ ಶಬ್ದಶಕ್ತಿಯಲ್ಲಿ 85%ವರೆಗೂ ಹೀರಿಕೊಳ್ಳುವುದು ಕಂಡಿತು. ಸಿನಿಮಾ ಮಂದಿರದ ಗೋಡೆಗೆ ಹಾಕುವ ಮೆತ್ತೆಯ ಕೆಲಸವೇ ಇದು. ರೆಕ್ಕೆಯ ಹುರುಪೆಗಳೂ ಶಬ್ದ ನುಂಗುತ್ತವೆ.

ಚಂದ್ರ ಪತಂಗದ ಉದ್ದ ಬಾಲ ಇನ್ನೂ ಜಾಣತನದ್ದು. ಹಾರುವಾಗ ಅದು ತಿರುಚಿಕೊಂಡು ಪ್ರತಿಧ್ವನಿ ಕೊಡುವುದರಿಂದ ಬಾವಲಿ ಮೈ ಬಿಟ್ಟು ಬಾಲಕ್ಕೆ ಬಾಯಿ ಹಾಕುತ್ತದೆ. ನಮ್ಮ ಚಂದ್ರ ಪತಂಗದ ಅಮೆರಿಕದ ಸೋದರಿಯ ಬಾಲ ಕತ್ತರಿಸಿ ಬಾವಲಿಗಳ ಮುಂದೆ ಬಿಟ್ಟ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಬಾಲವಿಲ್ಲದವುಗಳಲ್ಲಿ ಸುಮಾರು 81% ಸಿಕ್ಕಿಬಿದ್ದವು. ಬಾಲವಿದ್ದವುಗಳಲ್ಲಿ 35% ಮಾತ್ರ.

ಇಷ್ಟೆಲ್ಲ ಪಟ್ಟುಗಳಲ್ಲಿ ಕಿವಿಯ ಪಟ್ಟನ್ನು ಕೆಡಿಸುತ್ತಿರುವುದು ನಮ್ಮ ದೀಪಗಳು. ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಬಾವಲಿಯ ಕೂಗು ಕೇಳಿದಾಗ, ಕತ್ತಲಲ್ಲಿದ್ದ ಪತಂಗಗಳಲ್ಲಿ 60% ಕೆಳಕ್ಕೆ ಧುಮುಕಿದರೆ, ಎಲ್‌ಇಡಿ ಬೆಳಕಲ್ಲಿದ್ದವುಗಳಲ್ಲಿ ಧುಮುಕಿದ್ದು 24% ಮಾತ್ರ. ಬೆಳಕಿದ್ದರೆ ಹಗಲೆಂದು, ಹಗಲಾದರೆ ಬಾವಲಿಯಿಲ್ಲವೆಂದು ಅವು ನಡೆದುಕೊಳ್ಳುತ್ತಿರಬಹುದು ಎಂಬುದೊಂದು ಊಹೆ. ಬೆಂಗಳೂರು–ಮೈಸೂರು ಹೆದ್ದಾರಿಯುದ್ದಕ್ಕೂ, ರಾಮನಗರದಿಂದ ಚನ್ನಪಟ್ಟಣದವರೆಗೆ, ದೀಪದ ಕಂಬಗಳಿಗೇನೂ ಕೊರತೆಯಿಲ್ಲ.